ಎದ್ದ ಮೇಲೆ ಯಾವ ಕಡೆ

ಸಾಣೆಕಲ್ಲಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಗಾಜಿನ ಅಂಚನ್ನು ಅದಕ್ಕೆ ತಾಗಿಸಿ ಹಿಡಿದಿದ್ದ ಅವನಿಗೆ, ತಾನು ಮಾಡುತ್ತಿರುವುದು ತಪ್ಪು ಎಂದು ಬೆರಳ ತುದಿಗೇ ಗೊತ್ತಿತ್ತು. ಪೊರೆ ತೆಗೆಸಿಕೊಂಡ ಕಣ್ಣಿಗೆ ಕೂಡಲೇ ಕನ್ನಡಕ ಮಾಡಬಾರದು. ಗಾಯ ಮಾಯಬೇಕು, ಕಣ್ಣು ತನ್ನ ಹದಕ್ಕೆ ಬರಬೇಕು, ಆಮೇಲೆ ಅಳತೆ. ಅಂಗಡಿಗೆ ಬಂದವರಿಗೆಲ್ಲ ಇದನ್ನೇ ಹೇಳಿ ವಾಪಸು ಕಳಿಸಿದವನು ಅವನು. ಹೆಂಡತಿಯ ಬಲಗಣ್ಣಿಗೆ ನಿನ್ನೆಯಷ್ಟೇ ಆಪರೇಷನ್ ಆಗಿದೆ, ಪಟ್ಟಿ ಬಿಚ್ಚುವುದು ಇವತ್ತು ಮಧ್ಯಾಹ್ನ. ಅಷ್ಟರೊಳಗೆ ಅವಳ ಹೊಸ ಕನ್ನಡಕ ತನ್ನ ಜೇಬಿನಲ್ಲಿರಬೇಕು ಎಂದು ಅವನಿಗೆ ಬೆಳಿಗ್ಗೆ ಏಳುವಾಗಲೇ ಹಟ ಹಿಡಿದಿತ್ತು. ಸುಮ್ಮನೆ ಅಂದಾಜಿನ ಮೇಲೆ ಒಂದು ಪವರ್ ಹಿಡಿದು ಗಾಜು ಉಜ್ಜುತ್ತಿದ್ದ. ಅಂದಾಜಿಗೂ ಆಧಾರವಿತ್ತು. ಪೊರೆ ತೆಗೆದ ಮೇಲೆ ಕಣ್ಣೊಳಗೆ ಒಂದು ಲೆನ್ಸು ಕೂರಿಸುತ್ತಾರೆ. ಅದನ್ನು ದೂರಕ್ಕೆ ಹೊಂದಿಸಬಹುದು, ಇಲ್ಲ ಹತ್ತಿರಕ್ಕೆ, ಎರಡಕ್ಕೂ ಸರಿಯಾಗಿ ಅಲ್ಲ. ‘ನೀವು ಇದೇ ಕಸುಬಿನವರು, ನೀವೇ ಹೇಳಿ’ ಎಂದಿದ್ದರು ಕಣ್ಣಿನ ಡಾಕ್ಟರು. ಅವಳೂ ‘ಅವರಿಗೇ ಬಿಟ್ಟಿದ್ದೀನಿ’ ಎಂದಿದ್ದಳು. ಅವನು ಒಂದು ಕ್ಷಣವೂ ಯೋಚಿಸದೆ ‘ಹತ್ತಿರದ್ದು’ ಎಂದುಬಿಟ್ಟಿದ್ದ. ಹುಟ್ಟಿನಿಂದ ಹತ್ತಿರದ್ದನ್ನಷ್ಟೇ ಕಂಡ ಕಣ್ಣು, ಓದುವುದು, ಹೊಲಿಯುವುದು ಎಲ್ಲ ಬರಿಗಣ್ಣಲ್ಲೇ ಆಗಲಿ ಎಂದು ಕಾರಣವನ್ನೂ ಕೊಟ್ಟಿದ್ದ. ಕಾರಣ ಸುಳ್ಳಲ್ಲ, ಯಾವ ಡಾಕ್ಟರೂ ಒಪ್ಪುವಂಥದ್ದೇ. ಆದರೆ ಅದರ ಹಿಂದೆ ಇನ್ನೊಂದು ಕಾರಣ ಕಳ್ಳನ ಹಾಗೆ ಕೂತಿತ್ತು. ಹತ್ತಿರದ್ದನ್ನು ಹಾಕಿದರೆ ದೂರ ನೋಡಲು ಅವಳಿಗೆ ಕನ್ನಡಕ ಬೇಕೇ ಬೇಕು. ದೂರದ್ದನ್ನು ಹಾಕಿದರೆ ಬೀದಿ, ಆಕಾಶ, ಮನುಷ್ಯರು ಎಲ್ಲ ಬರಿಗಣ್ಣಿಗೇ ಕಾಣುತ್ತಾರೆ, ಮತ್ತೆ ತಾನು ಯಾತಕ್ಕೆ ಎಂದು ಅವನ ಒಳಗಿನಿಂದ ಯಾರೋ ಕೇಳಿದ್ದರು.

ಅವಳು ಅಂಗಡಿಗೆ ಮೊದಲ ಸಲ ಬಂದಾಗ ಒಂದು ಕಡ್ಡಿ ಮುರಿದ ಕನ್ನಡಕವನ್ನು ಕೈಯಿಂದ ಒತ್ತಿ ಹಿಡಿದುಕೊಂಡೇ ಮೆಟ್ಟಿಲು ಹತ್ತಿದ್ದಳು. ಪಕ್ಕದಲ್ಲಿ ಎರಡು ಜಡೆಯ ಮಗಳು. ಅಯ್ಯನವರು ತೀರಿಕೊಂಡು ಆಗಲೇ ಕೆಲವು ವರ್ಷ ಕಳೆದಿದ್ದವು. ಅಯ್ಯನವರೆಂದರೆ ಅವರ ಸಭೆಯ ಪಾಸ್ಟರು, ಅವಳ ಮೊದಲ ಗಂಡ. ನಲವತ್ತು ತುಂಬುವ ಮೊದಲೇ ವೇದಿಕೆಯ ಮೇಲೆ ಪುನರುತ್ಥಾನದ ಪ್ರಸಂಗ ಮಾಡುತ್ತಾ ಮಾಡುತ್ತಾ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ. ಅವನೂ ಆವತ್ತು ಹಿಂದಿನ ಬೆಂಚಿನಲ್ಲಿದ್ದ. ಅವರು ಕೂತದ್ದನ್ನು ಪ್ರಸಂಗದ ಭಾಗವೇ ಎಂದುಕೊಂಡು ಇಡೀ ಸಭೆ ಕೆಲಹೊತ್ತು ಕಾದಿತ್ತು. ಹೊಸ ಗಾಜು ಹಾಕಿಕೊಟ್ಟಾಗ ಅವಳು ಅಂಗಡಿಯ ಬಾಗಿಲಲ್ಲಿ ನಿಂತು, ‘ಅಯ್ಯೋ, ಎದುರು ಮನೆ ಹಗ್ಗದ ಮೇಲೆ ಬಟ್ಟೆಗೆ ಸಿಗಿಸಿರೋ ಕ್ಲಿಪ್ಪು ಕಾಣ್ತಿವೆ’ ಎಂದಿದ್ದಳು. ಕ್ಲಿಪ್ಪುಗಳಿಗೆ ಅಷ್ಟು ಸಂತೋಷಪಡುವ ಹೆಂಗಸನ್ನು ಅವನು ಅದುವರೆಗೆ ನೋಡಿರಲಿಲ್ಲ. ಅವಳ ಎಡಗಣ್ಣಿಗೆ ನೆರಳು ಬೆಳಕು ಬಿಟ್ಟರೆ ಬೇರೇನೂ ಕಾಣದು, ಇದ್ದದ್ದು ಬಲಗಣ್ಣೊಂದೇ, ಅದಕ್ಕೂ ಸೀಸೆಯ ತಳದಂಥ ಗಾಜು. ಮದುವೆಯಾದ ಮೇಲೆ ಆ ಗಾಜನ್ನು ಎಷ್ಟು ಸಲ ಬದಲಾಯಿಸಿದನೋ. ಅವಳು ಎಲ್ಲಿಟ್ಟರೂ ಮರೆಯುತ್ತಿದ್ದಳು, ಅದಕ್ಕೇ ಅವನ ಜೇಬಿನಲ್ಲಿ ಯಾವಾಗಲೂ ಇನ್ನೊಂದು ಜೊತೆ. ‘ನನ್ನ ಕಣ್ಣು ಇವರ ಜೇಬಲ್ಲಿರತ್ತೆ’ ಎಂದು ಅವಳು ಬಂದವರ ಮುಂದೆ ನಗೆಯಾಡುವಾಗ ಅವನಿಗೆ ಒಳಗೊಳಗೇ ಹಿಗ್ಗು. ಕಳೆದೆರಡು ವರ್ಷದಿಂದ ಪೊರೆ ಬಲಿತು, ಯಾವ ಗಾಜಿಗೂ ಬಗ್ಗದೆ, ಅವಳು ಕೈಯಿಂದಲೇ ಮನೆ ನೋಡಿಕೊಳ್ಳತೊಡಗಿದ್ದಳು. ಬೆಳಿಗ್ಗೆ ಅವನು ಹೊರಡುವಾಗ ಅಂಗಿಯ ಮೇಲೆ ಕೈಯಾಡಿಸಿ ಕಳಿಸುವುದೂ ಆಗ ಶುರುವಾದ ಅಭ್ಯಾಸ. ಇವತ್ತು ಮಾತ್ರ ಮಗಳು ಅವಳನ್ನು ಅಲುಗದ ಹಾಗೆ ಮಲಗಿಸಿದ್ದಳು, ಇವನು ಬಾಗಿಲಿನಿಂದಲೇ ‘ಬರ್ತೀನಿ’ ಎಂದು ಹೊರಟುಬಂದಿದ್ದ.

‘ಏನಪ್ಪಾ, ಇಷ್ಟು ಬೇಗ ಅಂಗಡಿ?’ ಎಂದು ಕಹಳೆ ಮಾಮ ಒಳಗೆ ಬಂದರು. ಸಭೆಯ ಹಿರಿಯರು ಅವರು. ಲೋಕ ಮುಗಿದು ಸತ್ತವರು ಏಳುವ, ಕೊನೆಯ ಕಹಳೆ ಊದುವ ದಿನವನ್ನು ಎರಡು ಸಲ ಲೆಕ್ಕ ಹಾಕಿ ಸಾರಿ, ಎರಡು ಸಲವೂ ಮಾರನೆಯ ಬೆಳಿಗ್ಗೆ ಹಾಲಿನವನಿಗೆ ತಾವೇ ಬಾಗಿಲು ತೆಗೆದವರು. ಮುಂದಿನ ವರ್ಷ ಮಾತ್ರ ತಪ್ಪುವುದಿಲ್ಲ ಎಂದು ಈಗ ಹೇಳುತ್ತಿದ್ದರು. ತಯಾರಾಗಿದ್ದ ತಮ್ಮ ಕನ್ನಡಕ ಹಾಕಿ ನೋಡಿ, ಕತ್ತು ಮೇಲೆ ಕೆಳಗೆ ಆಡಿಸಿ, ‘ಗ್ಯಾರಂಟಿ ಎಷ್ಟು ವರ್ಷ?’ ಎಂದರು.

‘ಮೂರು, ಮಾಮ.’

‘ಐದು ವರ್ಷದ್ದು ಬರಲ್ವಾ?’

‘ಮುಂದಿನ ವರ್ಷವೇ ಎಲ್ಲ ಮುಗಿಯತ್ತೆ ಅಂದಿದ್ರಲ್ಲ.’

‘ಅದು ಬೇರೆ, ಇದು ಬೇರೆ’ ಎಂದು ಮಾಮ ಹೊಸ ಗಾಜಿನ ಮೂಲಕ ಅವನನ್ನು ದಿಟ್ಟಿಸಿದರು. ಅವರ ನೋಟ ಅವನ ಮುಖದಿಂದ ಎದೆಗೆ ಇಳಿದು ಅಲ್ಲೇ ನಿಂತು, ಮೀಸೆಯಡಿ ಒಂದು ನಗು ಮೂಡಿತು. ಡಾಕ್ಟರಿಗೆ ತಾನು ಹೇಳಿದ್ದು ಇವರಿಗೆ ಹೇಗೆ ಗೊತ್ತಾಯಿತು ಎಂಬ ಅರ್ಥವಿಲ್ಲದ ಭಯ ಅವನಿಗೆ ಹತ್ತಿತು. ಮಾಮ ಬಾಗಿಲ ಬಳಿ ಹೋಗಿ ತಿರುಗಿ, ‘ಕಲ್ಲು ಕೆತ್ತುವವನು ಈ ವಾರ ಬರ್ತಾನೆ. ಅಯ್ಯನವರ ಸಮಾಧಿ ಕಲ್ಲಿನ ಅಕ್ಷರ ಮಸುಕಾಗಿದೆ. ಪಕ್ಕದ ಖಾಲಿ ಭಾಗ ಅಮ್ಮನವರಿಗೇ ಇರಲೋ ಹೇಗೆ ಅಂತ ಕೇಳಿ ಹೇಳು. ನಿನ್ನೆ ಕಣ್ಣು ಕಟ್ಟಿತ್ತಲ್ಲ, ನಾನು ಕೇಳಲಿಲ್ಲ’ ಎಂದರು. ಮದುವೆಯಾಗಿ ಇಷ್ಟು ವರ್ಷವಾದರೂ ಸಭೆಗೆ ಅವಳು ಅಯ್ಯನವರ ಹೆಂಡತಿ, ಅಮ್ಮನವರೇ, ಇವನು ಕನ್ನಡಕದವನೇ. ‘ಆಗಲಿ ಮಾಮ’ ಎಂದ.

ಗಾಜು ಮತ್ತೆ ಕಲ್ಲಿಗೆ ತಾಗಿತು. ನೀರಿನ ಜೊತೆ ಬಿಳಿಯ ಪುಡಿ ಇಳಿಯುತ್ತಿತ್ತು, ಅದನ್ನೇ ನೋಡುತ್ತಿದ್ದರೆ ಕಣ್ಣು ಮುಚ್ಚದೆಯೇ ನಿದ್ದೆ ಬಂದ ಹಾಗಾಗುತ್ತದೆ, ಮತ್ತು ಆ ನಿದ್ದೆಯಲ್ಲಿ ಅವನು ಯಾವಾಗಲೂ ಸಮಾಧಿ ತೋಟದಲ್ಲೇ ಎದ್ದು ಕೂರುತ್ತಾನೆ. ಅವರ ಸಭೆಯಲ್ಲಿ ಸತ್ತವರನ್ನು ಕಾಲು ಪೂರ್ವಕ್ಕೆ ಮಾಡಿ ಮಲಗಿಸುತ್ತಾರೆ. ಕರ್ತನ ಎರಡನೆಯ ಬರೋಣ ಪೂರ್ವದಿಂದ. ಕಹಳೆ ಕೇಳಿ ಎದ್ದು ಕೂತರೆ ಮುಖ ನೇರ ಆ ಕಡೆಗೇ ಇರಬೇಕು. ಪಾಸ್ಟರನ್ನು ಮಾತ್ರ ತಿರುಗಿಸಿ ಮಲಗಿಸುತ್ತಾರೆ, ಎದ್ದ ಕೂಡಲೇ ತನ್ನ ಮಂದೆ ಎದುರಿಗೆ ಕಾಣಲಿ ಎಂದು. ಅಯ್ಯನವರು ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ, ಪೂರ್ವದ ಬೇಲಿಯ ಬಳಿ, ಹಿಂದಿನ ಸಾಲುಗಳನ್ನೆಲ್ಲ ನೋಡುವ ಹಾಗೆ ಮಲಗಿದ್ದಾರೆ. ಅವರ ಪಕ್ಕದಲ್ಲಿ ಅವಳ ಜಾಗ, ಕಲ್ಲಿನ ಅರ್ಧ ಭಾಗ ಅವಳ ಹೆಸರಿಗೆ ಕಾಯುತ್ತಿದೆ. ತಡವಾಗಿ ಜಾಗ ಕೇಳಿದ ಇವನಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು, ಪಶ್ಚಿಮದ ಗೋಡೆಗೆ ತಾಗಿದ ಮೂಲೆ. ಕಹಳೆ ಊದುತ್ತದೆ. ಮಣ್ಣು ಹೊದಿಕೆಯ ಹಾಗೆ ಸರಿಯುತ್ತದೆ, ಭಯವೇನಿಲ್ಲ, ಎಲ್ಲರೂ ಬೆಳಗಿನ ರೈಲಿಗೆ ಎದ್ದವರಂತೆ ಎದ್ದು ಮೈ ಮುರಿಯುತ್ತಾರೆ. ಅವನು ಕೂತು ನೋಡುತ್ತಾನೆ. ಇಷ್ಟೂ ಸಾಲುಗಳ ಆಚೆ ಅವಳ ಬೆನ್ನು, ಹರಡಿದ ಕೂದಲು. ಅದರ ಪಕ್ಕದಲ್ಲೇ ಇವನ ಕಡೆಗೆ ತಿರುಗಿದ ಅಯ್ಯನವರ ಮುಖ, ನಲವತ್ತು ತುಂಬದ, ಚೆನ್ನಾಗಿ ಕ್ಷೌರ ಮಾಡಿದ ಮುಖ. ಅವಳು ಈಗ ತಿರುಗುತ್ತಾಳೆ. ಪಕ್ಕಕ್ಕೆ ತಿರುಗಿದರೆ ಅವರು, ಪೂರ್ತಿ ಹಿಂದಕ್ಕೆ ತಿರುಗಿದರೆ ಇವನು. ಅವಳ ಕುತ್ತಿಗೆ ಅಲುಗುತ್ತದೆ. ಅಷ್ಟರಲ್ಲಿ ಪ್ರತಿ ಸಲವೂ ಬೆರಳಿಗೆ ಬಿಸಿ ತಾಗಿ ಗಾಜು ಕಲ್ಲಿನಿಂದ ಮೇಲೇಳುತ್ತದೆ.

ನಿನ್ನೆ ಸಂಜೆ ಬೈಬಲ್ ಓದುವ ವೇದಪಾಠದಲ್ಲಿ ಆ ಮಾತು ಅವನ ಬಾಯಿಂದ ಜಾರಿದ್ದೂ ಇದೇ ಯೋಚನೆಯಲ್ಲಿ. ಪಾಠ ಈ ವಾರ ಅವರ ಮನೆಯ ಸರದಿ, ಕಣ್ಣು ಕಟ್ಟಿದ್ದರೂ ನಡೆಯಲಿ ಎಂದು ಅವಳೇ ಹಟ ಮಾಡಿದ್ದಳು. ಕುರ್ಚಿಗಳನ್ನು ಗೋಡೆಗೆ ಸೇರಿಸಿ ಹಾಕಿದ್ದು, ಗೋಡೆಯ ಮೇಲೆ ಅಯ್ಯನವರ ಫೋಟೋ, ಅದರಡಿಯಲ್ಲಿ ಪಟ್ಟಿ ಕಟ್ಟಿದ ಅವಳು. ಸತ್ತವರು ಯಾವ ದೇಹದಲ್ಲಿ ಏಳುತ್ತಾರೆ ಎಂಬ ವಾದ. ಇದೇ ದೇಹ, ಇದೇ ಮೂಳೆ, ಮೂಳೆಗೆ ಮೂಳೆ ಬಂದು ಕೂಡಿಕೊಳ್ಳುತ್ತದೆ ಎಂದು ಕಹಳೆ ಮಾಮ. ಹಾಗಾದರೆ ಸಮುದ್ರದಲ್ಲಿ ಮೀನಿನ ಪಾಲಾದವನ ಗತಿಯೇನು ಎಂದು ಹೆಡ್ ಮಿಸ್ಸು, ಅವರು ನಿವೃತ್ತರಾದರೂ ಎದುರಿನವರನ್ನೆಲ್ಲ ಮಕ್ಕಳ ಹಾಗೇ ನೋಡುವವರು. ಬೀಜ ಕೊಳೆತು ಗಿಡ ಬರುವ ಹಾಗೆ ಬೇರೆಯೇ ದೇಹ, ಮಹಿಮೆಯ ದೇಹ, ಅದಕ್ಕೆ ಹಸಿವಿಲ್ಲ, ಮುಪ್ಪಿಲ್ಲ ಎಂದು ಅವರ ವಾದ. ಸತ್ತ ಕೂಡಲೇ ದೇವರ ಬಳಿ ಹೋಗುವುದೋ, ಅಥವಾ ಆ ದಿನದವರೆಗೆ ನಿದ್ದೆಯೋ ಎಂದು ಮಗಳು ಕೇಳಿದಳು. ಅವಳಿಗೆ ತನ್ನ ಅಪ್ಪ ಈಗ ಎಲ್ಲಿದ್ದಾರೆ ಎಂಬುದಷ್ಟೇ ಬೇಕಾಗಿತ್ತು. ನಿದ್ದೆ ಎಂದರು ಮಾಮ, ಮುಟ್ಟಾಳತನ ಎಂದರು ಹೆಡ್ ಮಿಸ್ಸು. ಏಳು ಗಂಡಂದಿರನ್ನು ಒಬ್ಬರಾದ ಮೇಲೊಬ್ಬರನ್ನು ಕಟ್ಟಿಕೊಂಡ ಬೈಬಲಿನ ಆ ಹೆಂಗಸಿನ ಪ್ರಶ್ನೆಯೂ ಬಂತು, ಎದ್ದ ಮೇಲೆ ಅವಳು ಯಾರ ಹೆಂಡತಿ? ಎಲ್ಲರೂ ಒಮ್ಮೆಲೇ ಕಾಫಿ ಲೋಟ ಎತ್ತಿಕೊಂಡರು. ಯಾರೂ ಇವನನ್ನು ನೋಡಲಿಲ್ಲ, ನೋಡದಿರುವುದು ಅವನಿಗೆ ಕೆನ್ನೆಗೆ ಹೊಡೆದಂತಾಯಿತು. ‘ಅಲ್ಲಿ ಮದುವೆಯೇ ಇಲ್ಲ, ಎಲ್ಲರೂ ದೇವದೂತರ ಹಾಗೆ’ ಎಂದು ಹೊಸ ಪಾಸ್ಟರು ಗಡಿಬಿಡಿಯಲ್ಲಿ ಮಾತು ಮುಗಿಸಿದರು. ಆಗ ಅವನು, ಎಷ್ಟೋ ವರ್ಷದಿಂದ ವೇದಪಾಠದಲ್ಲಿ ಬಾಯಿ ತೆರೆಯದವನು, ಕೇಳಿದ್ದ: ‘ಎದ್ದವರಿಗೆ ಕನ್ನಡಕ ಬೇಕಾಗತ್ತಾ?’

ಕೋಣೆಯೇ ನಕ್ಕಿತು. ‘ನಿನ್ನ ಅಂಗಡಿಗೆ ಅಲ್ಲಿ ಲೈಸೆನ್ಸ್ ಸಿಗಲ್ಲಪ್ಪ’ ಎಂದು ಮಾಮ ತೊಡೆ ತಟ್ಟಿಕೊಂಡರು. ‘ಎಲ್ಲ ಕಣ್ಣೂ ಹೊಸದು, ಪೆದ್ದ’ ಎಂದರು ಹೆಡ್ ಮಿಸ್ಸು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳು, ಪಟ್ಟಿಯ ಮೇಲೆ ಕೈಯಿಟ್ಟುಕೊಂಡು, ‘ನಗಿಸಬೇಡ್ರೀ, ಹೊಲಿಗೆ ಬಿಚ್ಚತ್ತೆ’ ಎಂದು. ಅವನೂ ಹಲ್ಲು ಕಿರಿದ. ಆದರೆ ನಿಜಕ್ಕೂ ಅದು ಅವನ ಜೀವನದಲ್ಲಿ ಅವನು ಕೇಳಿದ ಅತಿ ಗಂಭೀರ ಪ್ರಶ್ನೆಯಾಗಿತ್ತು. ಹೊಸ ಕಣ್ಣಿನವಳಿಗೆ ತನ್ನ ನೆನಪಾದರೂ ಯಾಕಾಗಬೇಕು? ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗಿ, ನಲ್ಲಿ ಬಿಟ್ಟು, ತೊಳೆಯದೆ ಸುಮ್ಮನೆ ನಿಂತಿದ್ದ.

ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟಾಗ ಕನ್ನಡಕದ ಡಬ್ಬಿ ಜೇಬಿನಲ್ಲಿತ್ತು. ದಾರಿಯಲ್ಲಿ ಔಷಧಿ ಅಂಗಡಿಯವನು ಅವನನ್ನು ನೋಡಿ ಮುಗುಳ್ನಕ್ಕ. ಬಸ್ಸಿನಲ್ಲಿ ಎದುರು ಕೂತ ಹೆಂಗಸು ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿ ತುಟಿ ಕಚ್ಚಿಕೊಂಡಳು. ಇವತ್ತೇನು, ಊರಿಗೆಲ್ಲ ಗೊತ್ತಾಗಿದೆಯೇ ಎಂದು ಅವನಿಗೆ ಮೈ ಪರಚಿಕೊಳ್ಳುವಂತಾಯಿತು. ಹೆಂಡತಿಯ ಕಣ್ಣಿನ ಅಳತೆಯಲ್ಲಿ ಮೋಸ ಮಾಡಿದವನು, ಅವಳನ್ನು ಕುರುಡಾಗಿಯೇ ಇಟ್ಟುಕೊಳ್ಳಬೇಕೆಂದವನು. ಹಾಗಲ್ಲ, ಹಾಗಲ್ಲ ಎಂದು ತನಗೇ ಹೇಳಿಕೊಂಡ. ಪಟ್ಟಿ ಬಿಚ್ಚುವ ಮುಂಚೆ ಅವಳಿಗೆ ಎಲ್ಲವನ್ನೂ ಹೇಳಿಬಿಡಬೇಕು, ಬೇಕಾದರೆ ಬೈಯಲಿ ಎಂದೂ ನಿಶ್ಚಯಿಸಿದ. ಆಸ್ಪತ್ರೆಯ ಉದ್ದ ಬೆಂಚಿನಲ್ಲಿ ಅವಳು ಕೈ ಚಾಚಿ ಕೂತಿದ್ದಳು, ಬಂದವನು ಅವನೇ ಎಂದು ಹೆಜ್ಜೆಯಲ್ಲೇ ಗುರುತಿಸಿ ಸರಿದು ಜಾಗ ಮಾಡಿದಳು. ಮಗಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ‘ಚಿಕ್ಕಪ್ಪಾ, ನಿಮ್ಮ...’ ಎಂದು ಏನೋ ಹೇಳಲು ಹೊರಟಳು, ಅಷ್ಟರಲ್ಲಿ ನರ್ಸು ಬಾಗಿಲಿಗೆ ಬಂದು ಕರೆದಳು.

ಕೋಣೆ ಅರೆಗತ್ತಲಾಗಿತ್ತು. ಡಾಕ್ಟರು ಪಟ್ಟಿ ಬಿಡಿಸುವಾಗ ಅವನು ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರದಲ್ಲಿ, ಬೇಕೆಂದೇ ಸ್ಟೂಲು ಎಳೆದುಕೊಂಡು ಕೂತಿದ್ದ. ಹತ್ತಿರದ ಲೆನ್ಸಿಗೆ ಸರಿಯಾಗಿ ಕಾಣುವ ದೂರ ಅದು. ಅವಳು ಮೊದಲು ನೋಡುವುದು ತನ್ನನ್ನೇ. ರೆಪ್ಪೆ ನಡುಗಿತು, ತೆರೆಯಿತು. ನೀರು ತುಂಬಿದ ಆ ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ತಡವರಿಸಿ, ಅವನನ್ನು ದಾಟಿ, ಭುಜದ ಮೇಲಿನಿಂದ ಆಚೆ ಹೋಯಿತು. ಅವಳ ಮುಖ ಅರಳಿತು. ‘ಅಲ್ಲಿ ಗಡಿಯಾರ ಇದೆ’ ಎಂದಳು. ‘ಮುಳ್ಳು ಕೂಡ ಕಾಣ್ತಿದೆ.’ ಗೋಡೆಯ ಮೇಲಿನ ಹಲಗೆಯ ಅಕ್ಷರಗಳನ್ನು ಒಂದೊಂದಾಗಿ ಓದತೊಡಗಿದಳು, ಕೆಳಗಿನ ಸಣ್ಣ ಸಾಲಿನವರೆಗೂ, ಕನ್ನಡಕವಿಲ್ಲದೆ. ಅವನ ಕಸುಬಿನವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ನೀವು ಹತ್ತಿರದ್ದು ಅಂದಿದ್ರಿ’ ಎಂದು ಡಾಕ್ಟರು ಅವನ ಅಂಗಿಯ ಕಡೆ ಒಮ್ಮೆ ನೋಡಿ, ನಗು ತಡೆದುಕೊಂಡು ಹೇಳಿದರು. ‘ಟೇಬಲ್ ಮೇಲೆ ಮಲಗಿದ ಮೇಲೆ ಇವರು ದೂರದ್ದೇ ಹಾಕಿ ಅಂದ್ರು. ಕಣ್ಣು ಅವರದ್ದಲ್ವಾ.’

‘ಹೌದೌದು’ ಎಂದ ಅವನು. ‘ಅವಳದೇ.’ ಜೇಬಿನಲ್ಲಿದ್ದ ಡಬ್ಬಿ ಒಮ್ಮೆಲೇ ಇಟ್ಟಿಗೆಯಷ್ಟು ಭಾರವಾಯಿತು. ಅದರೊಳಗಿನ ಗಾಜು ಈಗ ಯಾರ ಕಣ್ಣಿಗೂ ಆಗದು. ತನ್ನನ್ನು ದಾಟಿ ಹೋದ ಆ ನೋಟವೇ ಮತ್ತೆ ಮತ್ತೆ ಬಂದು ಇರಿಯುತ್ತಿತ್ತು. ಅವಳು ಬೇಕೆಂದೇ ದೂರವನ್ನು ಆರಿಸಿಕೊಂಡಿದ್ದಾಳೆ. ದೂರದಲ್ಲಿ ಏನಿದೆ? ಗೋಡೆಯ ಮೇಲಿನ ಫೋಟೋ ಇದೆ, ಪೂರ್ವದ ಆಕಾಶ ಇದೆ, ಬರಬೇಕಾದವರು ಇದ್ದಾರೆ. ಹತ್ತಿರದಲ್ಲಿ ತಾನೊಬ್ಬ. ಅಳು ಬರುವ ಹಾಗಾಯಿತು, ಈ ವಯಸ್ಸಿನಲ್ಲಿ ಆಸ್ಪತ್ರೆಯ ಓಣಿಯಲ್ಲಿ ಅತ್ತರೆ ಚೆನ್ನಾಗಿರುವುದಿಲ್ಲವೆಂದು ಕೆಮ್ಮಿದ.

ಮಗಳು ಔಷಧಿ ತರಲು ಹೋದಳು. ಆಸ್ಪತ್ರೆ ಕೊಟ್ಟ ಕಪ್ಪು ಕನ್ನಡಕದ ಹಿಂದೆ ಅವಳು, ಅವಳ ತೋಳು ಹಿಡಿದು ಅವನು, ನಿಧಾನವಾಗಿ ನಡೆದರು. ಚರ್ಚಿನ ಗೇಟು ಬಂದಾಗ ಅವಳು ನಿಂತಳು. ‘ತೋಟಕ್ಕೆ ಹೋಗೋಣ’ ಎಂದಳು. ಅವನಿಗೆ ಗೊತ್ತಿತ್ತು, ಹೋಗಲೇಬೇಕಲ್ಲ. ಹೊಸ ಕಣ್ಣು ಬಂದವಳು ಮೊದಲು ಅಲ್ಲಿಗೇ ಬರುತ್ತಾಳೆ. ಮಾಮ ಕೇಳಿದ್ದನ್ನೂ ಈಗಲೇ ಕೇಳಿಬಿಡುವುದು ವಾಸಿ ಎಂದುಕೊಂಡ. ಸಂಜೆಯ ಬಿಸಿಲು ಕಲ್ಲುಗಳ ನಡುವೆ ಉದ್ದುದ್ದ ಬಿದ್ದಿತ್ತು, ಹುಲ್ಲು ಯಾರೋ ಈಗಷ್ಟೇ ಎದ್ದುಹೋದ ಹಾಸಿಗೆಯಂತೆ ಅಲ್ಲಲ್ಲಿ ಕುಸಿದಿತ್ತು. ಯಾವ ಕ್ಷಣದಲ್ಲಿ ಬೇಕಾದರೂ ಯಾರಾದರೂ ಮೈ ಮುರಿಯುತ್ತಾ ಎದ್ದು ಕೂತಾರು ಎನ್ನಿಸುವಷ್ಟು ತೋಟ ನಿಶ್ಶಬ್ದವಾಗಿತ್ತು. ಮುಂದಿನ ಸಾಲಿಗೆ ಹೋಗಿ ಅವಳು ಅಯ್ಯನವರ ಕಲ್ಲಿನ ಮೇಲೆ ಕೈಯಿಟ್ಟಳು, ಬೆರಳಿನಿಂದ ಅಕ್ಷರ ತಡವಿದಳು, ಖಾಲಿ ಭಾಗವನ್ನೂ ತಡವಿದಳು.

‘ಆ ಜಾಗ...’ ಎಂದು ಅವನು ಶುರುಮಾಡಿದ. ‘ಮಾಮ ಕೇಳಿದ್ರು. ನಿನಗೇ ಇರಲಿ ಅಂತ ಹೇಳಲಾ?’

‘ಇರಲಿ’ ಎಂದಳು ಅವಳು. ‘ಮಗುವಿನ ಅಪ್ಪನಿಗೆ ಮಣ್ಣು ಮಾಡಿದ ದಿನ ಮಾತು ಕೊಟ್ಟಿದ್ದೀನಿ. ಪಾಪ, ಅಷ್ಟು ಚಿಕ್ಕ ವಯಸ್ಸಿಗೆ ಒಬ್ಬರೇ ಮಲಗಿದ್ದಾರೆ.’

ಅವನು ತಲೆಯಾಡಿಸಿದ. ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದೇ ಅವನ ಕಷ್ಟ. ಅವಳು ಕಲ್ಲನ್ನು ಬಿಟ್ಟು ತನ್ನ ಜಾಗದ ಹುಲ್ಲಿನ ಮೇಲೆ ನಿಂತು ಕೆಲಹೊತ್ತು ಪೂರ್ವದ ಬೇಲಿಯನ್ನು, ಅದರಾಚೆಯ ಆಕಾಶವನ್ನು ನೋಡಿದಳು. ಹಿಂದೆ ನಿಂತ ಅವನಿಗೆ ಕಂಡದ್ದು ಸಾಣೆಕಲ್ಲಿನ ಮುಂದೆ ದಿನವೂ ಕಾಣುವ ಅದೇ ಬೆನ್ನು, ಅದೇ ಕೂದಲು, ಈಗ ನರೆತದ್ದು. ಕುತ್ತಿಗೆ ಅಲುಗಿತು. ಇವತ್ತು ಬೆರಳಿಗೆ ಬಿಸಿ ತಾಗಲಿಲ್ಲ, ಎಚ್ಚರವಾಗಲಿಲ್ಲ. ಅವಳು ಕಲ್ಲಿನ ಕಡೆಗಲ್ಲ, ಪೂರ್ತಿ ಹಿಂದಕ್ಕೆ ತಿರುಗಿ, ಕಪ್ಪು ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ, ‘ಎಲ್ಲಿದ್ದೀರಿ?’ ಎಂದಳು.

‘ಇಲ್ಲೇ ಇದ್ದೀನಲ್ಲ.’

‘ಹತ್ತಿರ ನಿಂತ್ರೆ ಮಂಜುಮಂಜು. ಹಿಂದೆ ಹೋಗಿ.’

ಅವನು ಹಿಂದೆ ಹೋದ. ಒಂದು ಸಾಲು ದಾಟಿದ. ‘ಇನ್ನೂ’ ಎಂದಳು. ಶಾಲೆಯ ಮಕ್ಕಳ ಆಟದ ಹಾಗೆ ಹಿಂದೆ ಹಿಂದೆ, ಕಲ್ಲುಗಳಿಗೆ ಎಡವದಂತೆ ಕೈಯಿಂದ ತಡವಿಕೊಂಡು, ಗೊತ್ತಿರುವವರ, ಗೊತ್ತಿಲ್ಲದವರ ನಡುವೆ ಹೋದ. ‘ಸಾಕಾ?’ ಎಂದರೆ ‘ಇನ್ನೂ ಹೋಗಿ’ ಎಂಬ ದನಿ ಬರುತ್ತಿತ್ತು. ಕೊನೆಗೆ ಬೆನ್ನಿಗೆ ಗೋಡೆ ತಾಗಿತು. ‘ಗೋಡೆ ಬಂತು ಕಣೇ’ ಎಂದು ಕೂಗಿದ. ಕೂಗಿದ ಮೇಲೆ ಹೊಳೆಯಿತು, ತಾನು ನಿಂತಿರುವುದು ತನ್ನದೇ ಜಾಗದ ಮೇಲೆ.

ಅವಳು ಮುಂದಿನ ಸಾಲಿನಲ್ಲಿ ತನ್ನ ಜಾಗದ ಮೇಲೆ ನಿಂತು, ಇಷ್ಟೂ ಸಾಲುಗಳ ಮೇಲಿನಿಂದ ಅವನನ್ನು ನೋಡುತ್ತಿದ್ದಳು. ಪಕ್ಕದಲ್ಲಿ ಅಯ್ಯನವರ ಕಲ್ಲು ಇತ್ತು, ಅವಳು ಅದರ ಕಡೆ ನೋಡುತ್ತಿರಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದಳು. ‘ಅಲ್ಲೇ ಇರಿ’ ಎಂದು ಕೂಗಿದಳು. ‘ಅಲ್ಲೇ. ಹಾಂ, ಕಾಣ್ತೀರಿ. ಇಲ್ಲಿಂದ ನೀವು ಕಾಣಬೇಕು ಅಂತಾನೇ ಡಾಕ್ಟರಿಗೆ ದೂರದ್ದು ಹಾಕಿ ಅಂದಿದ್ದು. ಕಹಳೆ ಊದಿ ಎದ್ದಾಗ ಹೊಸ ಕಣ್ಣು ಕೊಡ್ತಾರೋ ಇಲ್ವೋ, ಈ ಹೆಡ್ ಮಿಸ್ಸನ್ನ ನಂಬ್ಕೊಂಡು ಕೂರೋಕಾಗತ್ತಾ?’

ಗೋಡೆಯ ಸುಣ್ಣ ಅವನ ಅಂಗೈಗೆ ಮೆತ್ತಿಕೊಳ್ಳುತ್ತಿತ್ತು.

‘ಎಷ್ಟು ಮುದುಕರಾಗಿದ್ದೀರ್ರೀ’ ಎಂದಳು. ‘ಇದೇನಿದು? ಅಂಗಿ ಗುಂಡಿ ಮೇಲಿಂದ ಕೆಳಗಿನವರೆಗೂ ಒಂದೊಂದು ಮನೆ ತಪ್ಪಿ ಹಾಕಿದ್ದೀರಿ. ಬೆಳಿಗ್ಗೆಯಿಂದ ಊರೆಲ್ಲ ಹೀಗೇ ಓಡಾಡಿದ್ರಾ? ಬನ್ನಿ ಇಲ್ಲಿ.’

ಅವನು ಸಾಲುಗಳನ್ನು ದಾಟುತ್ತಾ ಅವಳ ಕಡೆಗೆ ನಡೆದ. ಹೆಜ್ಜೆ ಹೆಜ್ಜೆಗೂ ತಾನು ಅವಳ ಕಣ್ಣಿನಲ್ಲಿ ಮಂಜಾಗುತ್ತಿದ್ದೇನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹತ್ತಿರ ಬಂದಾಗ ಅವಳು ಕಣ್ಣು ಮುಚ್ಚಿಕೊಂಡು, ದಿನವೂ ಬೆಳಿಗ್ಗೆ ಮಾಡುವಂತೆ ಅವನ ಎದೆಯ ಮೇಲೆ ಕೈಯಾಡಿಸಿ, ಮೇಲಿನ ಗುಂಡಿಯಿಂದ ಒಂದೊಂದಾಗಿ ಬಿಚ್ಚಿ ಸರಿ ಮಾಡತೊಡಗಿದಳು.